ಓದಿಗೆ ಆಟದ ಮೆಟ್ಟಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ಆಟಗಳಲ್ಲಿರುವ ಲೆವೆಲ್, ಪಾಯಿಂಟ್, ಸ್ಟ್ರೀಕ್ (ಒಂದು ದಿನವೂ ತಪ್ಪದೆ ನಡೆದ ದಿನಗಳ ಸರಣಿ) ಮುಂತಾದವನ್ನು ಓದಿಗೆ ಅಳವಡಿಸಿಕೊಳ್ಳುವ ಬಗ್ಗೆ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು ಬರುತ್ತವೆ. ಕೆಲವು ತಿಂಗಳು ಪ್ರಯೋಗಿಸಿ ನೋಡಿದವರ ಪ್ರಶ್ನೆಗಳು ಕೊನೆಯಲ್ಲಿವೆ.

## ಆರಂಭಿಸುವ ಮುನ್ನ

ಓದನ್ನು ಆಟದಂತೆ ಮಾಡುವುದು ಎಂದರೆ ನಿಜವಾಗಿ ಏನು? ಓದುವ ಹೊತ್ತಿನಲ್ಲಿ ಆಟ ಆಡಬೇಕೇ?

ಆಡಬೇಕಾಗಿಲ್ಲ. ಆಟದಲ್ಲಿ ಮುಂದುವರಿಕೆ ಕಣ್ಣಿಗೆ ಕಾಣುವಂತೆ ಇರುತ್ತದೆ: ಈಗ ಯಾವ ಹಂತದಲ್ಲಿದ್ದೇನೆ, ಮುಂದಿನ ಹಂತಕ್ಕೆ ಏನು ಮಾಡಬೇಕು, ಈ ಕ್ಷಣದ ಪ್ರಯತ್ನ ಫಲಿಸಿತೋ ಇಲ್ಲವೋ ಎಂಬುದು ಆಡುವವನಿಗೆ ಸದಾ ತಿಳಿದಿರುತ್ತದೆ. ಆ ವ್ಯವಸ್ಥೆಯನ್ನಷ್ಟೇ ಓದಿಗೆ ತರುವುದು ನಮ್ಮ ಉದ್ದೇಶ. ಅನುಭವದ ಪಾಯಿಂಟ್ ಗಳಿಸಿ ಲೆವೆಲ್ ಏರುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 1974ರಲ್ಲಿ ಬಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ಆಡುವ ಆಟ. ಆದರೆ ಹಂತ ಹಂತವಾಗಿ ಏರುತ್ತ ಕಲಿಯುವ ಯೋಚನೆ ಅದಕ್ಕಿಂತ ಬಹಳ ಹಳೆಯದು. ಜೂಡೊ ಕಲೆಯನ್ನು ರೂಪಿಸಿದ ಕಾನೊ ಜಿಗೊರೊ 1883ರಲ್ಲೇ ತಮ್ಮ ಶಿಷ್ಯರಿಗೆ ‘ಡಾನ್’ ಎಂಬ ದರ್ಜೆಗಳನ್ನು ಕೊಡಲು ಆರಂಭಿಸಿದ್ದರು. ಹಾಗಾಗಿ ಇದು ಮೊಬೈಲ್ ಕಾಲದ ಶೋಕಿ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆಟಕ್ಕೆ ಕೂತರೆ ಮೂರು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ, ಪುಸ್ತಕ ಹಿಡಿದರೆ ಹತ್ತು ನಿಮಿಷಕ್ಕೆ ಆಕಳಿಕೆ. ನನ್ನಲ್ಲೇ ಏನೋ ಕೊರತೆ ಇದೆಯೇ?

ಕೊರತೆ ನಿಮ್ಮಲ್ಲಿ ಇರಬೇಕಾಗಿಲ್ಲ. ಆ ಎರಡು ಕೆಲಸಗಳನ್ನು ಜೋಡಿಸಿರುವ ರೀತಿಯಲ್ಲೇ ದೊಡ್ಡ ಅಂತರವಿದೆ. ಆಟದಲ್ಲಿ ನೀವು ತಪ್ಪಿದರೆ ಎರಡು ಸೆಕೆಂಡಿನೊಳಗೆ ತಿಳಿಯುತ್ತದೆ ಮತ್ತು ಮರುಕ್ಷಣವೇ ಮತ್ತೊಮ್ಮೆ ಯತ್ನಿಸಬಹುದು. ಓದಿನಲ್ಲಿ ಇಂದು ತಪ್ಪಾಗಿ ಅರ್ಥಮಾಡಿಕೊಂಡದ್ದು ಮೂರು ತಿಂಗಳ ನಂತರ ಪರೀಕ್ಷೆಯಲ್ಲಿ ಬಯಲಾಗುತ್ತದೆ, ಅಷ್ಟರಲ್ಲಿ ತಿದ್ದಿಕೊಳ್ಳುವ ಅವಕಾಶವೇ ಮುಗಿದಿರುತ್ತದೆ. ಗುರಿ ಹತ್ತಿರವಾದಂತೆ ಹೆಜ್ಜೆ ಚುರುಕಾಗುತ್ತದೆ ಎಂಬುದನ್ನು ಕ್ಲಾರ್ಕ್ ಹಲ್ ಎಂಬ ಮನಶ್ಶಾಸ್ತ್ರಜ್ಞ 1930ರ ದಶಕದಲ್ಲಿ ಇಲಿಗಳ ಓಟವನ್ನು ಗಮನಿಸಿ ವಿವರಿಸಿದ್ದರು. ಆಟ ತನ್ನ ಗುರಿಗಳನ್ನು ಹತ್ತಿರ ಹತ್ತಿರ ಇಡುತ್ತದೆ. ನಾನೂರು ಪುಟದ ಪಠ್ಯಪುಸ್ತಕಕ್ಕೆ ಇರುವುದು ಒಂದೇ ಗುರಿ, ಅದೂ ಕಣ್ಣಳತೆಗೆ ಮೀರಿದ ದೂರದಲ್ಲಿ. ಆ ದೂರವನ್ನು ಒಡೆಯುವುದು ನಮ್ಮ ಕೈಯಲ್ಲಿದೆ.

ಇದಕ್ಕೆ ಯಾವ ಆ್ಯಪ್ ಒಳ್ಳೆಯದು?

ಮೊದಲ ತಿಂಗಳು ಯಾವ ಆ್ಯಪ್ ಕೂಡ ಬೇಡ. ಒಂದು ನೋಟ್‌ಬುಕ್ಕು, ಒಂದಷ್ಟು ಖಾಲಿ ಕಾರ್ಡು ಸಾಕು. ಆ್ಯಪ್‌ನಲ್ಲಿ ಪಾಯಿಂಟ್ ಯಾವುದಕ್ಕೆ ಸಿಗಬೇಕೆಂಬುದನ್ನು ಅದನ್ನು ತಯಾರಿಸಿದವರು ನಿರ್ಧರಿಸಿರುತ್ತಾರೆ. ನೀವು ಪ್ರತಿದಿನ ತೆರೆದು ನೋಡಬೇಕೆಂಬುದು ಅವರ ಆಸೆ, ನಿಮಗೆ ವಿಷಯ ಬರಬೇಕೆಂಬುದು ನಿಮ್ಮ ಆಸೆ, ಮತ್ತು ಇವೆರಡೂ ಎಲ್ಲ ದಿನವೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ನಿಮ್ಮ ನಿಯಮಗಳು ಕೈಬರಹದಲ್ಲಿ ಒಮ್ಮೆ ಗಟ್ಟಿಯಾದ ಮೇಲೆ, ಅವನ್ನು ಪಾಲಿಸಬಲ್ಲ ಆ್ಯಪ್ ಯಾವುದೆಂದು ಹುಡುಕುವುದು ಸುಲಭ.

ನನಗೆ ನಲವತ್ತಾರು ವರ್ಷ. ಲೆವೆಲ್, ಬ್ಯಾಡ್ಜ್ ಎಲ್ಲ ಮಕ್ಕಳಿಗಲ್ಲವೇ?

ಬ್ಯಾಡ್ಜ್ ನಿಮಗೆ ಹಿಡಿಸದಿದ್ದರೆ ಬಿಟ್ಟುಬಿಡಿ, ಅದು ಹೊರಗಿನ ಅಲಂಕಾರ. ಸಣ್ಣ ಗುರಿ, ಬೇಗ ಸಿಗುವ ಉತ್ತರ, ಮತ್ತೊಮ್ಮೆ ಯತ್ನಿಸುವ ಅವಕಾಶ ಎಂಬ ಒಳಗಿನ ಮೂರು ಅಂಶಗಳು ವಯಸ್ಸು ನೋಡುವುದಿಲ್ಲ. ದಿನಕ್ಕೆ ಅರ್ಧ ಗಂಟೆಯಷ್ಟೇ ಸಿಗುವ ದೊಡ್ಡವರಿಗೆ, ಆ ಅರ್ಧ ಗಂಟೆ ಎಲ್ಲಿಗೆ ಹೋಯಿತು ಎಂದು ತೋರಿಸುವ ವ್ಯವಸ್ಥೆ ಮಕ್ಕಳಿಗಿಂತ ಹೆಚ್ಚೇ ಬೇಕು ಎಂಬುದು ನನ್ನ ಅನಿಸಿಕೆ.

## ನಿಯಮಗಳನ್ನು ಕಟ್ಟುವುದು

ಗಂಟೆಗೆ ಹತ್ತು ಪಾಯಿಂಟ್ ಎಂದು ಇಟ್ಟುಕೊಂಡಿದ್ದೇನೆ. ಇದು ಸರಿಯೇ?

ಸರಿಯಲ್ಲ; ಮತ್ತು ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನೇ ಓದಿ. ಪಾಯಿಂಟ್ ಯಾವುದಕ್ಕೆ ಕೊಡುತ್ತೀರೋ ಅದು ಬೆಳೆಯುತ್ತದೆ. ಗಂಟೆಗೆ ಕೊಟ್ಟರೆ ಗಂಟೆ ಬೆಳೆಯುತ್ತದೆ, ಪುಟಕ್ಕೆ ಕೊಟ್ಟರೆ ಪುಟ ಬೆಳೆಯುತ್ತದೆ. ವರ್ಷಗಳ ಹಿಂದೆ ಒಂದು ಪರೀಕ್ಷೆಗೆ ಓದುತ್ತಿದ್ದಾಗ ನಾನು ಪುಟ ಲೆಕ್ಕ ಹಿಡಿದಿದ್ದೆ. ಸಂಜೆಯ ಹೊತ್ತಿಗೆ ಅರುವತ್ತು ಪುಟ ದಾಟಿದ ದಿನ ಬಹಳ ತೃಪ್ತಿಯಿಂದ ಮಲಗುತ್ತಿದ್ದೆ. ಒಂದು ದಿನ ಗೆಳೆಯನೊಬ್ಬ ಅದೇ ಅಧ್ಯಾಯದಿಂದ ಸಾಧಾರಣ ಪ್ರಶ್ನೆಯೊಂದನ್ನು ಕೇಳಿದ. ಆ ಪುಟದ ಎಡಭಾಗದಲ್ಲಿ ಒಂದು ಚಿತ್ರವಿತ್ತು, ಅದರ ಕೆಳಗೆ ಹಳದಿ ಬಣ್ಣದಲ್ಲಿ ಗೆರೆ ಎಳೆದಿದ್ದೆ ಎಂಬುದೆಲ್ಲ ನೆನಪಿಗೆ ಬಂತು. ಗೆರೆಯ ಮೇಲಿದ್ದ ವಾಕ್ಯ ಮಾತ್ರ ಬರಲಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದ ಮೇಲೆ ಅದನ್ನೇ ಇನ್ನೊಮ್ಮೆ ಓದಿದರು, ಇಲ್ಲವೇ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಇನ್ನೊಮ್ಮೆ ಓದಿದವರದೇ ಮೇಲುಗೈ. ವಾರದ ನಂತರ ಕೇಳಿದಾಗ ಚಿತ್ರ ತಿರುವುಮುರುವಾಯಿತು: ಎರಡು ಸಲ ಓದಿದವರಿಗೆ ಶೇ. 42ರಷ್ಟು ನೆನಪಿದ್ದರೆ, ನೆನಪಿನಿಂದ ಬರೆದವರಿಗೆ ಶೇ. 56ರಷ್ಟು ಉಳಿದಿತ್ತು. ಮರು ಓದು ಕೊಡುವ ‘ಬಂತು’ ಎಂಬ ಭಾವನೆಯನ್ನು ನಂಬಿ ಪಾಯಿಂಟ್ ಹಾಕಿಕೊಂಡರೆ ನಾವು ಆ ಐದು ನಿಮಿಷದ ನೆನಪಿಗೆ ಬಹುಮಾನ ಕೊಟ್ಟಂತಾಗುತ್ತದೆ. 2013ರಲ್ಲಿ ಡನ್ಲಾಸ್ಕಿ ಮತ್ತು ಸಹೋದ್ಯೋಗಿಗಳು ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದಾಗಲೂ ಹೆಚ್ಚು ಉಪಯುಕ್ತವೆಂದು ಮೇಲೆ ಬಂದದ್ದು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನಗಳ ಅಂತರ ಬಿಟ್ಟು ಅಭ್ಯಾಸ ಮಾಡುವುದು. ಗೆರೆ ಎಳೆಯುವುದೂ ಮರು ಓದುವುದೂ ಕೆಳಗಿನ ಸಾಲಿಗೆ ಹೋದವು.

ಆದ್ದರಿಂದ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗ ಹೀಗಿದೆ: ಪುಸ್ತಕ ಮುಚ್ಚಿ ಒಂದು ಪ್ರಶ್ನೆಗೆ ಉತ್ತರ ಬರೆದು ತಾಳೆ ನೋಡಿದರೆ 2 ಪಾಯಿಂಟ್, ಉತ್ತರ ತಪ್ಪಾಗಿದ್ದರೂ ಸರಿಯೇ. ಹಿಂದೆ ತಪ್ಪಿದ್ದನ್ನು ಮರುದಿನ ಸರಿಯಾಗಿ ಬರೆದರೆ 3. ವಾರಕ್ಕಿಂತ ಹಳೆಯದನ್ನು ನೋಡದೆ ಬರೆದರೆ 5. ಬರೀ ಓದಿದ್ದಕ್ಕೆ, ಗೆರೆ ಎಳೆದದ್ದಕ್ಕೆ, ನೋಟ್ಸ್ ಅಂದವಾಗಿ ನಕಲು ಮಾಡಿದ್ದಕ್ಕೆ ಸೊನ್ನೆ. ತಪ್ಪು ಉತ್ತರಕ್ಕೂ ಪಾಯಿಂಟ್ ಏಕೆ ಎಂದು ಹಲವರು ಕೇಳುತ್ತಾರೆ. ತಪ್ಪಿಗೆ ದಂಡ ಹಾಕಿದರೆ ಮನಸ್ಸು ತನಗೆ ಬರುವ ಪ್ರಶ್ನೆಯನ್ನಷ್ಟೇ ಆರಿಸಿಕೊಳ್ಳಲು ಶುರುಮಾಡುತ್ತದೆ, ಅದಕ್ಕೆ.

ಲೆವೆಲ್‌ಗಳನ್ನು ಹೇಗೆ ವಿಂಗಡಿಸುವುದು? ಒಂದು ಅಧ್ಯಾಯಕ್ಕೆ ಒಂದು ಲೆವೆಲ್ ಸಾಕೇ?

ಅಧ್ಯಾಯ ಬಹಳ ದೊಡ್ಡದು. ಒಂದು ಲೆವೆಲ್ ಎರಡರಿಂದ ನಾಲ್ಕು ದಿನದಲ್ಲಿ ಮುಗಿಯುವಂತಿರಲಿ, ಮತ್ತು ಅದರ ಹೆಸರು ವಿಷಯದ ಹೆಸರಾಗಿರದೆ ನೀವು ಮಾಡಬಲ್ಲ ಕೆಲಸದ ಹೆಸರಾಗಿರಲಿ. ವರ್ಗ ಸಮೀಕರಣಗಳ ಅಧ್ಯಾಯವನ್ನೇ ತೆಗೆದುಕೊಳ್ಳಿ. ಮೊದಲ ಲೆವೆಲ್: ಕೊಟ್ಟ ಸಮೀಕರಣವನ್ನು ಆದರ್ಶ ರೂಪಕ್ಕೆ ತಂದು ಸಹಗುಣಕಗಳನ್ನು ಚಿಹ್ನೆ ತಪ್ಪದೆ ಗುರುತಿಸುವುದು. ಎರಡನೆಯದು ಅಪವರ್ತನದಿಂದ ಮೂಲಗಳನ್ನು ಕಂಡುಹಿಡಿಯುವುದು. ಮೂರನೆಯದು ವರ್ಗವನ್ನು ಪೂರ್ಣಗೊಳಿಸುವ ವಿಧಾನ. ನಾಲ್ಕನೆಯದು, ಆ ವಿಧಾನವನ್ನೇ ಬಳಸಿ ಸೂತ್ರವನ್ನು ಖಾಲಿ ಹಾಳೆಯ ಮೇಲೆ ತಾನೇ ಹುಟ್ಟಿಸುವುದು. ಐದನೆಯದು ಶೋಧಕವನ್ನು ನೋಡಿ ಮೂಲಗಳ ಸ್ವಭಾವ ಹೇಳುವುದು. ಆರನೆಯದು ಮಾತಿನಲ್ಲಿ ಕೊಟ್ಟ ಸಮಸ್ಯೆಯನ್ನು ಸಮೀಕರಣವಾಗಿಸಿ ಬಿಡಿಸುವುದು. ಸೂತ್ರ ಹುಟ್ಟುವುದೇ ವರ್ಗ ಪೂರ್ಣಗೊಳಿಸುವ ವಿಧಾನದಿಂದ; ಮೂರನೆಯದನ್ನು ಹಾರಿ ಸೂತ್ರವನ್ನು ಬಾಯಿಪಾಠ ಮಾಡಿದವರು ಚಿಹ್ನೆಯೊಂದು ಮರೆತಾಗ ದಾರಿ ಕಾಣದೆ ನಿಲ್ಲುತ್ತಾರೆ. ಲೆವೆಲ್‌ಗಳ ಕ್ರಮಕ್ಕೆ ಇಂಥ ಕಾರಣವಿರಬೇಕು.

ಪ್ರತಿ ಲೆವೆಲ್‌ಗೂ ಒಂದು ಬಾಗಿಲು ಬೇಕು. ನನ್ನ ಬಾಗಿಲು ಇಷ್ಟೇ: ಹಿಂದೆ ನೋಡಿರದ ಐದು ಲೆಕ್ಕ, ಪುಸ್ತಕ ಮುಚ್ಚಿರಬೇಕು, ನಾಲ್ಕು ಸರಿಯಾಗಬೇಕು. ಆಗದಿದ್ದರೆ ಮರುದಿನ ಬೇರೆ ಐದು. ಎಷ್ಟು ಸಲ ಬೇಕಾದರೂ ಬಾಗಿಲು ತಟ್ಟಬಹುದು, ಆದರೆ ಕಿಟಕಿಯಿಂದ ಒಳಗೆ ಹೋಗುವಂತಿಲ್ಲ.

ಇನ್ನೊಂದು ಸಣ್ಣ ಉಪಾಯವಿದೆ. ನಿಮಗೆ ಈಗಾಗಲೇ ಗೊತ್ತಿರುವುದರಿಂದ ಲೆಕ್ಕ ಶುರುಮಾಡಿ. ನ್ಯೂನ್ಸ್ ಮತ್ತು ಡ್ರೇಜ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರು ತೊಳೆಯುವ ಜಾಗದ ಗಿರಾಕಿಗಳಿಗೆ ಎರಡು ಬಗೆಯ ಕಾರ್ಡು ಕೊಟ್ಟಿದ್ದರು. ಒಂದರಲ್ಲಿ ಎಂಟು ಖಾಲಿ ಮನೆಗಳು. ಇನ್ನೊಂದರಲ್ಲಿ ಹತ್ತು ಮನೆಗಳು, ಎರಡಕ್ಕೆ ಮೊದಲೇ ಮುದ್ರೆ. ಇಬ್ಬರಿಗೂ ಬಾಕಿ ಉಳಿದದ್ದು ಎಂಟೇ. ಆದರೂ ಮೊದಲ ಗುಂಪಿನಲ್ಲಿ ಶೇ. 19ರಷ್ಟು ಜನ ಕಾರ್ಡು ಪೂರ್ತಿ ಮಾಡಿದರೆ, ಎರಡನೆಯದರಲ್ಲಿ ಶೇ. 34ರಷ್ಟು ಜನ ಮಾಡಿದರು. ಸೊನ್ನೆಯಿಂದ ಹೊರಡುವುದಕ್ಕಿಂತ ಎರಡು ಮೆಟ್ಟಿಲು ಏರಿಯಾಗಿದೆ ಎಂದು ತಿಳಿದು ಹೊರಡುವುದು ಸುಲಭ.

ಪ್ರಶ್ನೆಗಳು ಎಷ್ಟು ಕಷ್ಟವಾಗಿರಬೇಕು?

ಎಲ್ಲವೂ ಸರಿಯಾಗುತ್ತಿದ್ದರೆ ಲೆವೆಲ್ ಸಪ್ಪೆಯಾಗಿದೆ. ಅರ್ಧಕ್ಕಿಂತ ಹೆಚ್ಚು ತಪ್ಪುತ್ತಿದ್ದರೆ ಕೆಳಗಿನ ಮೆಟ್ಟಿಲೊಂದು ಸಡಿಲವಾಗಿದೆ. ಐದರಲ್ಲಿ ಒಂದು ತಪ್ಪಾಗುವ ಆಸುಪಾಸು ನನಗೆ ಒಗ್ಗಿದೆ. ರಾಬರ್ಟ್ ಬ್ಯೋರ್ಕ್ ಎಂಬ ಮನಶ್ಶಾಸ್ತ್ರಜ್ಞರು ಕಲಿಕೆಗೆ ಒದಗಿಬರುವ ಇಂಥ ತೊಡಕುಗಳನ್ನು ‘ಅಪೇಕ್ಷಣೀಯ ಕಷ್ಟ’ ಎಂಬ ಅರ್ಥ ಬರುವ ಪದದಿಂದ ಗುರುತಿಸಿದ್ದಾರೆ. ತಡಕಾಡಿ ನೆನಪಿಸಿಕೊಂಡದ್ದು ಗಟ್ಟಿಯಾಗಿ ಕೂರುತ್ತದೆ.

ಲೆವೆಲ್ ಆರಕ್ಕೆ ಬಂದೆ, ಹಿಂತಿರುಗಿ ನೋಡಿದರೆ ಲೆವೆಲ್ ಎರಡು ಮರೆತುಹೋಗಿದೆ. ಏನು ಮಾಡಲಿ?

ಬಹುತೇಕ ಆಟಗಳಲ್ಲಿ ಒಮ್ಮೆ ಗೆದ್ದ ಲೆವೆಲ್ ಶಾಶ್ವತ. ನೆನಪು ಹಾಗಲ್ಲ, ಆದ್ದರಿಂದ ಈ ಒಂದು ವಿಷಯದಲ್ಲಿ ಆಟದ ನಿಯಮವನ್ನು ಮುರಿಯಲೇಬೇಕು. ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರುಹೊಡೆದು ಮರೆವನ್ನು ಅಳೆದರು. ಒಂದು ದಿನ ಕಳೆದ ಮೇಲೆ ಅದೇ ಪಟ್ಟಿಯನ್ನು ಮತ್ತೆ ಕಲಿಯುವಾಗ ಅವರಿಗೆ ಉಳಿತಾಯವಾದದ್ದು ಮೊದಲ ಶ್ರಮದ ಸುಮಾರು ಮೂರನೇ ಒಂದು ಭಾಗ ಮಾತ್ರ.

ಇದಕ್ಕೆ ಒಗ್ಗುವ ಸರಳ ಸಾಧನವನ್ನು ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದರು. ಒಂದು ಉದ್ದನೆಯ ಡಬ್ಬಿಯಲ್ಲಿ ರಟ್ಟಿನಿಂದ ಐದು ಖಾನೆ ಮಾಡಿ. ಕಾರ್ಡಿನ ಮುಂಭಾಗದಲ್ಲಿ ಪ್ರಶ್ನೆ, ಹಿಂಭಾಗದಲ್ಲಿ ಉತ್ತರ. ಹೊಸ ಕಾರ್ಡು ಮೊದಲ ಖಾನೆಗೆ. ಉತ್ತರ ಸರಿಯಾದರೆ ಒಂದು ಖಾನೆ ಮುಂದಕ್ಕೆ. ತಪ್ಪಿದರೆ, ಅದು ನಾಲ್ಕನೇ ಖಾನೆಯಲ್ಲಿದ್ದರೂ, ಸೀದಾ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನವೂ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ಹೀಗೆ ಅಂತರ ದುಪ್ಪಟ್ಟಾಗುತ್ತ ಹೋಗುವಂತೆ ನಾನು ನೋಡಿಕೊಳ್ಳುತ್ತೇನೆ. ಕೆಲವು ವಾರದಲ್ಲಿ ಮೊದಲ ಖಾನೆಯಲ್ಲಿ ಹಟಮಾರಿ ಕಾರ್ಡುಗಳು ನಾಲ್ಕೈದು ಉಳಿಯುತ್ತವೆ, ಅವುಗಳ ಅಂಚು ಬೆರಳು ತಾಗಿ ತಾಗಿ ಮಾಸಿರುತ್ತದೆ. ಅಂಥ ಕಾರ್ಡನ್ನು ಹರಿದು, ಪ್ರಶ್ನೆಯನ್ನು ಎರಡಾಗಿ ಒಡೆದು, ಎರಡು ಹೊಸ ಕಾರ್ಡು ಬರೆಯಿರಿ. ಹೆಚ್ಚಿನ ಸಲ ತೊಂದರೆ ಇರುವುದು ನಿಮ್ಮ ನೆನಪಿನಲ್ಲಲ್ಲ, ಒಂದೇ ಕಾರ್ಡಿಗೆ ತುರುಕಿದ ಎರಡು ವಿಷಯಗಳಲ್ಲಿ.

## ದಾರಿಯ ನಡುವೆ

83 ದಿನದ ಸ್ಟ್ರೀಕ್ ಜ್ವರ ಬಂದು ಮುರಿಯಿತು. ಅಂದಿನಿಂದ ಪುಸ್ತಕ ಮುಟ್ಟಲು ಮನಸ್ಸೇ ಬರುತ್ತಿಲ್ಲ.

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಮುರಿದದ್ದು ಒಂದು ಅಂಕಿ. ಆ 83 ದಿನ ಕಲಿತದ್ದು ನಿಮ್ಮ ಬಳಿಯೇ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರು ಹೊಸ ಅಭ್ಯಾಸವೊಂದನ್ನು ರೂಢಿಸಿಕೊಳ್ಳುವುದನ್ನು ಗಮನಿಸಿದಾಗ, ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ನಡುಮಟ್ಟದ ಲೆಕ್ಕದಲ್ಲಿ 66 ದಿನ ಹಿಡಿಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನದವರೆಗೆ ಬದಲಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ ಎಂಬುದು ಅದೇ ಅಧ್ಯಯನದ ಮಾತು.

ಎಡಬಿಡದೆ ನಡೆಯಬೇಕಾದ ಸ್ಟ್ರೀಕ್ ಬದಲು ವಾರದ ಲೆಕ್ಕ ಇಟ್ಟುಕೊಳ್ಳಿ: ಏಳರಲ್ಲಿ ಐದು ದಿನ ಕೂತರೆ ಆ ವಾರ ಗೆದ್ದಂತೆ. ಕಾಯಿಲೆಯ ದಿನಕ್ಕೆ ಒಂದು ಕನಿಷ್ಠ ಕೆಲಸವನ್ನೂ ಗೊತ್ತುಮಾಡಿ, ಮೂರು ಕಾರ್ಡು ತಿರುವಿ ನೋಡಿದರೆ ಸಾಕು ಎಂಬಂತೆ. ಇಂದು ಸಂಜೆ ಮೂರೇ ಕಾರ್ಡಿನಿಂದ ಮತ್ತೆ ಆರಂಭಿಸಿ.

ಮಗಳಿಗೆ ಪ್ರತಿ ನೂರು ಪಾಯಿಂಟ್‌ಗೆ ಒಂದು ಬಹುಮಾನ ಕೊಡುತ್ತಿದ್ದೆ. ನಿಲ್ಲಿಸಿದ ಮೇಲೆ ಮೊದಲು ತಾನಾಗಿ ಓದುತ್ತಿದ್ದ ಕತೆಪುಸ್ತಕವನ್ನೂ ಮುಟ್ಟುತ್ತಿಲ್ಲ. ನಾನೇ ಕೆಡಿಸಿದೆನೇ?

ನೀವು ಪ್ರೀತಿಯಿಂದ ಮಾಡಿದ್ದು ಅಡ್ಡಪರಿಣಾಮ ಮಾಡಿದೆ, ಆದರೆ ಸರಿಪಡಿಸಲಾಗದಷ್ಟಲ್ಲ. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಶಿಶುವಿಹಾರದಲ್ಲಿ, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಬರೆದರೆ ಪ್ರಶಸ್ತಿಪತ್ರ ಸಿಗುತ್ತದೆ’ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಒಂದೆರಡು ವಾರದ ನಂತರ ಬಿಡುವಿನ ವೇಳೆಯಲ್ಲಿ ನೋಡಿದಾಗ, ಬಹುಮಾನದ ಆಸೆಯಿಂದ ಬರೆದ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧಕ್ಕೆ ಇಳಿದಿತ್ತು. ಅನಿರೀಕ್ಷಿತವಾಗಿ ಪಡೆದವರಲ್ಲಿ ಆ ಕುಸಿತ ಕಾಣಲಿಲ್ಲ.

ಇಷ್ಟವಿದ್ದ ಕೆಲಸಕ್ಕೆ ಕೂಲಿ ಗೊತ್ತುಮಾಡಿದರೆ ಅದು ಕೂಲಿಯ ಕೆಲಸವಾಗಿಬಿಡುತ್ತದೆ. ಹಾಗಾಗಿ ಕತೆಪುಸ್ತಕವನ್ನು ಪಾಯಿಂಟ್ ಲೆಕ್ಕದಿಂದ ಪೂರ್ತಿ ಹೊರಗಿಡಿ. ರಾತ್ರಿ ಪಕ್ಕದಲ್ಲಿ ಕೂತು ನೀವೇ ಒಂದು ಕತೆ ಓದಿ ಹೇಳಿ, ಅದರ ಬಗ್ಗೆ ಪರೀಕ್ಷೆಯ ಪ್ರಶ್ನೆ ಕೇಳಬೇಡಿ. ಅವಳಿಗೆ ಒಲವಿಲ್ಲದ, ಆದರೆ ಕಲಿಯಲೇಬೇಕಾದ ಮಗ್ಗಿಯಂಥದ್ದಕ್ಕೆ ಪಾಯಿಂಟ್ ಇರಲಿ, ಆದರೆ ಅದು ‘ಎಷ್ಟು ಬಂತು’ ಎಂದು ತೋರಿಸುವ ಅಳತೆಗೋಲಾಗಿರಲಿ, ಕೊಟ್ಟು ತೆಗೆದುಕೊಳ್ಳುವ ನಾಣ್ಯವಾಗದಿರಲಿ. ಮುಂದಿನ ಲೆವೆಲ್ ಯಾವುದೆಂದು ಅವಳೇ ಆರಿಸಲಿ. ತನ್ನ ಆಯ್ಕೆ, ತನಗೆ ಬರುತ್ತದೆ ಎಂಬ ಅನುಭವ, ತನ್ನವರ ಒಡನಾಟ, ಈ ಮೂರರಿಂದ ಒಳಗಿನ ಪ್ರೇರಣೆ ಚಿಗುರುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುತ್ತಾರೆ.

ಲೆಕ್ಕ ಬರೆಯುವುದರಲ್ಲೇ ಅರ್ಧ ಗಂಟೆ ಹೋಗುತ್ತಿದೆ.

ನಿಯಮ ಹೆಚ್ಚಾಗಿದೆ. ಒಂದು ದಿನದ ಲೆಕ್ಕ ಎರಡು ನಿಮಿಷದಲ್ಲಿ ಮುಗಿಯದಿದ್ದರೆ ಅರ್ಧದಷ್ಟು ನಿಯಮಗಳನ್ನು ಹೊಡೆದುಹಾಕಿ. ಬಣ್ಣದ ಪೆನ್ನು, ಚೌಕಟ್ಟು, ಚಿತ್ರ ಬಿಡಿಸಿದ ನಕ್ಷೆ ಇವೆಲ್ಲ ಓದನ್ನು ಮುಂದೂಡುವ ಸಭ್ಯ ದಾರಿಗಳು.

## ಅನುಭವಿಗಳಿಗೆ

ನಾನು ಶಿಕ್ಷಕಿ. ತರಗತಿಯ ಗೋಡೆಗೆ, ಅಂಕದ ಕ್ರಮದಲ್ಲಿ ಮಕ್ಕಳ ಹೆಸರು ತೋರಿಸುವ ಲೀಡರ್‌ಬೋರ್ಡ್ ಹಾಕಬಹುದೇ?

ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹ್ಯಾನಸ್ ಮತ್ತು ಫಾಕ್ಸ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಪಾಠವನ್ನು ಎರಡು ತರಗತಿಗಳಿಗೆ 16 ವಾರ ಕಲಿಸಲಾಯಿತು. ಬ್ಯಾಡ್ಜ್ ಮತ್ತು ಲೀಡರ್‌ಬೋರ್ಡ್ ಇದ್ದ ತರಗತಿಯಲ್ಲಿ ದಿನ ಕಳೆದಂತೆ ಆಸಕ್ತಿಯೂ ತೃಪ್ತಿಯೂ ಕುಗ್ಗಿದವು, ಕೊನೆಯ ಪರೀಕ್ಷೆಯ ಅಂಕವೂ ಕಡಿಮೆ ಬಂತು. ಪಟ್ಟಿಯ ಮೇಲಿನ ಮೂವರಿಗೆ ಅದು ಹುರುಪು. ಮೂವತ್ತನೆಯ ಸ್ಥಾನದಲ್ಲಿರುವ ಮಗುವಿಗೆ ದಿನಾ ಬೆಳಿಗ್ಗೆ ಗೋಡೆಯೇ ಎದ್ದು ಬೈದಂತೆ.

ಪೈಪೋಟಿಯ ಹುರುಪು ಬೇಕೇ ಬೇಕೆನಿಸಿದರೆ ಇಡೀ ತರಗತಿಗೆ ಒಂದೇ ಗುರಿ ಕೊಡಿ: ಈ ವಾರ ಎಲ್ಲರ ಸರಿ ಉತ್ತರ ಸೇರಿ ಐನೂರು ದಾಟಬೇಕು. ಆಗ ಬಲ್ಲವರು ಪಕ್ಕದವರಿಗೆ ಹೇಳಿಕೊಡಲು ಒಂದು ಕಾರಣ ಸಿಗುತ್ತದೆ. ವೈಯಕ್ತಿಕ ಏರಿಕೆಯನ್ನು ಆಯಾ ಮಗುವಿನ ನೋಟ್‌ಬುಕ್ಕಿನಲ್ಲೇ, ಅದರ ಹಿಂದಿನ ತಿಂಗಳ ಅಂಕಿಯ ಪಕ್ಕದಲ್ಲಿ ಬರೆಯಿರಿ.

ಪಾಯಿಂಟ್ ಏರುತ್ತಲೇ ಇದೆ, ಪರೀಕ್ಷೆಯ ಅಂಕ ಮಾತ್ರ ಇದ್ದಲ್ಲೇ ಇದೆ. ಎಲ್ಲಿ ಸೋರುತ್ತಿದೆ?

ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ತತ್ವವೊಂದಿದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತಿನಿಂದ ಅದು ಬೆಳೆದುಬಂತು. ನಿಮ್ಮ ಲೆಕ್ಕದಲ್ಲಿ ಆಗಿರುವುದೂ ಅದೇ ಇರಬಹುದು. ಮೊದಲು ನೋಡಬೇಕಾದ ಜಾಗ ಒಂದೇ ಬಗೆಯ ಲೆಕ್ಕಗಳ ಸಾಲು. ಹತ್ತು ಲೆಕ್ಕಕ್ಕೂ ಒಂದೇ ಸೂತ್ರ ಎಂದು ಗೊತ್ತಿದ್ದಾಗ ನೀವು ಅಭ್ಯಾಸ ಮಾಡುತ್ತಿರುವುದು ಗುಣಾಕಾರವನ್ನು. ಯಾವ ಸೂತ್ರ ಎಲ್ಲಿ ಎಂಬ ತೀರ್ಮಾನವನ್ನಲ್ಲ.

ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಕಣ್ಣು ತೆರೆಸುತ್ತದೆ. ಘನಾಕೃತಿಗಳ ಘನಫಲ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪು ಬಗೆಬಗೆಯಾಗಿ ವಿಂಗಡಿಸಿ ಮಾಡಿತು, ಇನ್ನೊಂದು ಗುಂಪು ಕಲಸಿ ಮಾಡಿತು. ಅಭ್ಯಾಸದ ವೇಳೆ ವಿಂಗಡಿಸಿದವರು ಶೇ. 89, ಕಲಸಿದವರು ಶೇ. 60. ವಾರದ ನಂತರದ ಪರೀಕ್ಷೆಯಲ್ಲಿ ವಿಂಗಡಿಸಿದವರು ಶೇ. 20ಕ್ಕೆ ಇಳಿದರು, ಕಲಸಿದವರು ಶೇ. 63ರಲ್ಲಿ ಉಳಿದರು. ಅಭ್ಯಾಸದ ದಿನದ ಅಂಕಿಗೆ ಪಾಯಿಂಟ್ ಕೊಟ್ಟಿದ್ದರೆ ಸೋಲುವ ಗುಂಪಿಗೇ ಬ್ಯಾಡ್ಜ್ ಸಿಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಎಲ್ಲ ಲೆವೆಲ್‌ಗಳ ಲೆಕ್ಕಗಳನ್ನು ಚೀಟಿಯಲ್ಲಿ ಬರೆದು, ಕಲಸಿ, ಇಪ್ಪತ್ತನ್ನು ಎತ್ತಿ ಬಿಡಿಸಿ. ಆ ಇಪ್ಪತ್ತರಲ್ಲಿ ಬಂದ ಅಂಕವನ್ನೇ ನಂಬಿ. ಉಳಿದ ಪಾಯಿಂಟ್ ಅದರ ಜೊತೆ ಏರದಿದ್ದರೆ ಪಾಯಿಂಟ್ ನಿಯಮವನ್ನು ಬದಲಿಸಿ.

ನಾನು ಸಂಶೋಧನಾ ಪ್ರಬಂಧ ಬರೆಯುತ್ತಿದ್ದೇನೆ. ಸರಿ ಉತ್ತರವೇ ಇಲ್ಲದ ಕೆಲಸಕ್ಕೆ ಇದು ಒಗ್ಗುತ್ತದೆಯೇ?

ಅರ್ಧ ಒಗ್ಗುತ್ತದೆ. ಒಂದು ಲೇಖನವನ್ನು ಓದಿ ಅದರ ವಾದವನ್ನು ನೋಡದೆ ನಾಲ್ಕು ವಾಕ್ಯದಲ್ಲಿ ಬರೆಯುವುದು, ಒಂದು ಆಕ್ಷೇಪವನ್ನು ಎತ್ತುವುದು, ಕರಡಿನ ಒಂದು ಭಾಗವನ್ನು ಮಾರ್ಗದರ್ಶಕರಿಗೆ ಕಳಿಸುವುದು, ಇಂಥ ಮುಗಿಯಿತೋ ಇಲ್ಲವೋ ಎಂದು ಹೇಳಬಹುದಾದ ಕೆಲಸಗಳಿಗೆ ಪಾಯಿಂಟ್ ಸಲ್ಲುತ್ತದೆ. ಯೋಚನೆಗೆ ಸಲ್ಲುವುದಿಲ್ಲ. ದಿನಕ್ಕೆ ಇಷ್ಟು ಪದ ಎಂಬ ಗುರಿಯ ಬಗ್ಗೆಯೂ ಎಚ್ಚರವಿರಲಿ. ಮುನ್ನೂರು ಪದ ಅಳಿಸಿಹಾಕಿದ ದಿನವೇ ನಿಮ್ಮ ಒಳ್ಳೆಯ ದಿನವಾಗಿರಬಹುದು, ಆ ಲೆಕ್ಕದಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ಈ ವ್ಯವಸ್ಥೆಯನ್ನು ಜೀವನಪೂರ್ತಿ ಇಟ್ಟುಕೊಳ್ಳಬೇಕೇ?

ಬೇಡ. ಎರಡು ವಾರ ಪಾಯಿಂಟ್ ಬರೆಯುವುದನ್ನು ನಿಲ್ಲಿಸಿ ನೋಡಿ. ಮೊದಲಿನಂತೆಯೇ ಕೂರುತ್ತಿದ್ದರೆ ಆ ವಿಷಯಕ್ಕೆ ಲೆಕ್ಕದ ಅಗತ್ಯ ಮುಗಿದಿದೆ; ಕಾರ್ಡಿನ ಡಬ್ಬಿಯನ್ನು ಮಾತ್ರ ಉಳಿಸಿಕೊಳ್ಳಿ, ಏಕೆಂದರೆ ಮರೆವು ನಿಮ್ಮ ಆಸಕ್ತಿಯನ್ನು ಕೇಳಿ ಬರುವುದಿಲ್ಲ. ಕೂರುವುದು ತಪ್ಪಿದರೆ ಲೆಕ್ಕವನ್ನು ಮತ್ತೆ ತೆರೆಯಿರಿ, ಆದರೆ ಹಳೆಯ ಒಟ್ಟು ಮೊತ್ತಕ್ಕೆ ಕೂಡಿಸಬೇಡಿ; ಹೊಸ ಪುಟದಲ್ಲಿ, ಇವತ್ತಿನ ದಿನಾಂಕ ಹಾಕಿ, ಈಗಾಗಲೇ ಬರುವ ಎರಡು ಲೆವೆಲ್‌ಗಳಿಗೆ ಸರಿ ಗುರುತು ಹಾಕಿಕೊಂಡು ಹೊರಡಿ.